ಕಿಸೆದಾಗಿನ ಫ್ಯೂಜು

ಕೇಳ್ರಿ. ಭಾಳ ಹಿಂದ, ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದ ಹೊಸದರಾಗ, ಒಂದ್ ಊರಾಗ ಮೋದಿನಸಾಬ ಅಂತ ಒಬ್ಬ ವೈರ್‌ಮನ್ ಇದ್ದನಂತ. ಊರಿನ ಅರ್ಧಕ್ಕರ್ಧ ಮಗ್ಗದ ಶೆಡ್ಡುಗಳಿಗೆ ವೈರಿಂಗ್ ಮಾಡಿದವ ಅವನೇ. ಗ್ವಾಡಿಗೆ ಅಂಗೈ ಇಟ್ಟು, ಒಳಗ ವೈರು ಎಲ್ಲಿ ಸುಟ್ಟೈತಿ ಅಂತ ಹೇಳ್ತಿದ್ದನಂತ. ಅವ ಕೆಮ್ಮಿದ್ರ ಬಲ್ಬು ಹತ್ತತಿತ್ತು ಅಂತಾನೂ ಹೇಳ್ತಾರ. ಅದನ್ನ ನಾ ನಂಬಂಗಿಲ್ಲ, ನೀವೂ ನಂಬಬ್ಯಾಡ್ರಿ. ಮುಂದಿಂದು ಮಾತ್ರ ಖರೆ.

ಅವನ ಜೋಡಿ ಚನಮಲ್ಲ ಅಂತ ಒಬ್ಬ ಕೆಲಸ ಮಾಡ್ತಿದ್ದ. ಒಂದಿನ ಒಂದು ಶೆಡ್ಡಿನಾಗ ಮೋದಿನಸಾಬ ಕರೆಂಟ್ ನಿಲ್ಲಿಸಾಕ ಫ್ಯೂಜು ಕಿತ್ತು, ಅದರ ಡಬ್ಬಿ ಮ್ಯಾಲ ಇಟ್ಟು, ಚಾ ಕುಡಿಯಾಕ ಹೊರಗ ಹೋದ. ಚನಮಲ್ಲ ನಿಚ್ಚಣಿಕಿ ಹತ್ತಿ ವೈರಿಗೆ ಕೈ ಹಾಕಿದ್ದ. ಮಗ್ಗ ಯಾಕ ನಿಂತಾವು ಅಂತ ನೋಡಾಕ ಬಂದ ನೇಕಾರನೊಬ್ಬ, ಯಾರೋ ಮರತಾರ ಅಂದ್ಕೊಂಡು, ಫ್ಯೂಜು ಮತ್ತ ಹಾಕಿಬಿಟ್ಟ. ಮ್ಯಾಲಿಂದ ಬಿದ್ದ ಚನಮಲ್ಲ ಏಳಲಿಲ್ಲ.

ಊರೆಲ್ಲ ಆ ನೇಕಾರನ್ನ ಬೈತು. ಫ್ಯೂಜು ತನ್ನ ಕಿಸೆದಾಗ ಇದ್ದಿದ್ರ ಯಾರೂ ಹಾಕ್ತಿರಲಿಲ್ಲ ಅನ್ನೂದು ಮೋದಿನಸಾಬಗೊಬ್ಬಗ ಗೊತ್ತಿತ್ತು. ಇನ್ನ ಈ ಊರಾಗ ಹಿಂಗ ಒಬ್ಬನೂ ಸಾಯಬಾರದು ಅಂತ ಹಟ ಹಿಡಿದನಂತ.

ಊರಾಗ ಅವನ್ನ ಬಿಟ್ಟು ಒಂಬತ್ತು ಮಂದಿ ಕರೆಂಟ್ ಗುತ್ತಿಗೆದಾರರು. ಒಬ್ಬನ ಕಸಬು ಇನ್ನೊಬ್ಬಗ ತಿಳೀಬಾರದು ಅಂತ ಬಾಗಲಾ ಹಾಕ್ಕೊಂಡು ಕೆಲಸ ಮಾಡಾವ್ರು. ಅಮಾಸಿಗೆ ಹೆಂಗೂ ಮಗ್ಗ ನಿಲ್ತಾವ, ಬೇವಿನಗಿಡದ ಕಟ್ಟಿ ಮ್ಯಾಲ ಬರ್ರಿ, ನನಗ ಗೊತ್ತಿದ್ದದ್ದೆಲ್ಲಾ ಹೇಳ್ತೀನಿ, ಮೊದಲ ನನ್ನ ತಪ್ಪು ಹೇಳ್ತೀನಿ ಅಂತ ಮೋದಿನಸಾಬ ಎಲ್ಲಾರಿಗೂ ಹೇಳಿಕಳಿಸಿದ. ತಪ್ಪು ಒಪ್ಕೊಂಡವಗ ಕೆಲಸ ಯಾರು ಕೊಡ್ತಾರ ಅಂತ ಅವರು ನಕ್ಕರು. ಒಬ್ಬನೂ ಬರಲಿಲ್ಲ. ಮೋದಿನಸಾಬ ಬಿಡಲಿಲ್ಲ. ಮರು ಅಮಾಸಿಗೂ ಹೋಗಿ ಕುಂತ. ಅದರ ಮರು ಅಮಾಸಿಗೂ ಕುಂತ. ಖಾಲಿ ಕಟ್ಟಿಗೇ ತನ್ನ ತಪ್ಪು ಹೇಳಿ ಎದ್ದು ಬರ್ತಿದ್ದನಂತ.

ಏಳನೇ ಅಮಾಸಿಗೆ ಒಬ್ಬಾಕಿ ಬಂದು ಕುಂತಳು. ಚನಮಲ್ಲನ ಹೆಂಡ್ತಿ ನೀಲವ್ವ. ಊರ ಮುಂದ ಹೇಳಾಕ ತಯಾರಿದ್ದವಗ ಆಕಿ ಮುಂದ ಹೇಳೂದು ಭಾಳ ಕಠಿಣ ಆತು. ಆದ್ರೂ ಹೇಳಿದ, ಒಂದಕ್ಷರ ಮುಚ್ಚಿಡಲಿಲ್ಲ. ಆಕಿ ಅತ್ತಳು, ಭಾಳೊತ್ತು ಅತ್ತಳು. ಆಮ್ಯಾಲ ಸೆರಗಿಲೆ ಮಾರಿ ಒರಸಿಕೊಂಡಳು.

"ಅಣ್ಣಾ, ಇದನ್ನ ಮೊದಲ ನನಗ ಹೇಳಬೇಕಿತ್ತು," ಅಂದ್ಲಂತ. "ನಾ ನಿನ್ನ ಕ್ಷಮಿಸಂಗಿಲ್ಲ. ಆದ್ರ ಏಳು, ಆ ಗುತ್ತಿಗೆದಾರರ ಮನಿಗೇ ಹೋಗಿ ಹೇಳೂಣು. ನಾ ಬಾಜೂಕ ನಿಂದಿರ್ತೀನಿ."

ಇಬ್ಬರೂ ಒಂಬತ್ತೂ ಮನಿ ಹತ್ತಿ ಇಳಿದರು. ಗಂಡನ್ನ ಕಳಕೊಂಡಾಕಿ ಬಾಗಲದಾಗ ನಿಂತಾಗ ನಗಾಕ ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ಅಮಾಸಿಗೆ ಒಂಬತ್ತೂ ಮಂದಿ ಕಟ್ಟಿಗೆ ಬಂದು ತಂತಮ್ಮ ತಪ್ಪು ಹೇಳಿದರಂತ. ಒಬ್ಬವ ಶಾಕ್ ತಡೆಯೂ ಅರ್ಥಿಂಗ್ ವೈರು ನೆಲಕ್ಕ ಮುಟ್ಟಿಸದೇ, ಒಂದು ಶೆಡ್ಡಿನ ಗ್ವಾಡ್ಯಾಗ ಮಡಚಿ ಮುಚ್ಚಿಬಿಟ್ಟಿದ್ದ. ಅವತ್ತ ಎಲ್ಲಾರೂ ಕೂಡಿ ಹೋಗಿ, ಗ್ವಾಡಿ ಒಡೆದು, ಅದನ್ನ ಸರಿ ಮಾಡಿ ಬಂದರು.

ಈಗ ಆ ಕಟ್ಟಿ ಇಲ್ಲ, ಅವರಿಬ್ಬರೂ ಇಲ್ಲ. ಆದ್ರ ಆ ಊರಾಗ ಒಂದು ಅಮಾಸಿನೂ ತಪ್ಪಿಲ್ಲ. ಎಲ್ಲಾರಿಗಿಂತ ಹಿರೇ ಗುತ್ತಿಗೆದಾರ ಮೊದಲ ತನ್ನ ತಪ್ಪು ಹೇಳ್ತಾನ, ಆಮ್ಯಾಲ ಕಸಬು ಹೇಳಿಕೊಡ್ತಾನ. ಅಂಗಿ ಹೊಲಿಯುವ ದರ್ಜಿ ಅಳತಿ ತಗೊಳ್ಳುವಾಗ, ನೀವು ವೈರ್‌ಮನ್ ಏನ್ರಿ ಅಂತ ಕೇಳ್ತಾನ. ಹೌದಂದ್ರ ಎದಿ ಮ್ಯಾಲ ಗುಂಡಿ ಇದ್ದ ಆಳದ ಕಿಸೆ ಹಚ್ಚತಾನ, ಫ್ಯೂಜು ಇಟ್ಕೊಳ್ಳಾಕ. ನೀಲವ್ವ ಕ್ಷಮಿಸಿದೆ ಅಂತ ಒಮ್ಮೆನೂ ಬಾಯಿಬಿಟ್ಟು ಅನ್ನಲಿಲ್ಲಂತ. ಆದ್ರ ಅಂಥ ಮೊದಲನೇ ಕಿಸೆ ಮೋದಿನಸಾಬನ ಅಂಗಿಗೆ ಹೊಲಿದಾಕಿ ಆಕಿನೇ.