ಹುಳು ಹೆಕ್ಕಿಸಿದ ವರ್ತಕ

“ಹಳೆಯ ಕಾಡೊಂದನ್ನು ಉಳಿಸಲು ಪ್ರೀತಿಯೊಂದಿದ್ದರೆ ಸಾಲದೇ, ಗುರುಗಳೇ?” ಎಂದು ಶಿಷ್ಯ ಕೇಳಿದ. ಮಠದ ಹಿಂದಿನ ಕಾಡನ್ನು ಮರುದಿನದಿಂದ ಅವನೇ ನೋಡಿಕೊಳ್ಳಬೇಕಿತ್ತು.

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಚಿಟ್ಟೆಗಳೆಂದರೆ ಅವನಿಗೆ ಪ್ರಾಣ. ಅವನ ಊರಿನ ದೇವರಕಾಡಿನಲ್ಲಿ ಚಿಟ್ಟೆಗಳು ಹಿಂಡುಹಿಂಡಾಗಿದ್ದವು. ಊರವರು ಆ ಕಾಡನ್ನು ಕಾಯುತ್ತಿದ್ದ ಕ್ರಮ ಬಹಳ ಸರಳ: ಅವರು ಏನನ್ನೂ ಮಾಡುತ್ತಿರಲಿಲ್ಲ. ವರ್ತಕನಿಗೆ ಇದು ಸರಿಬರಲಿಲ್ಲ. ಕಾಡನ್ನು ತನಗೊಪ್ಪಿಸಿದರೆ ಚಿಟ್ಟೆಗಳನ್ನು ಹೆಚ್ಚಿಸುವೆನೆಂದೂ, ಕಡಿಮೆಯಾದರೆ ಊರ ಮುಂದೆ ಪೇಟ ಬಿಚ್ಚಿಡುವೆನೆಂದೂ ಮಾತು ಕೊಟ್ಟ. ಊರವರು ಒಪ್ಪಿದರು. ಏನೂ ಮಾಡದೆ ಕೂರುವುದು ಅವರಿಗೂ ಸಾಕಾಗಿತ್ತು.

ಮೊದಲ ದಿನವೇ ಅವನ ಕಣ್ಣಿಗೆ ಎಲೆಗಳ ತೂತುಗಳು ಬಿದ್ದವು. ಚಿಟ್ಟೆ ಕೂರುವ ಬಳ್ಳಿಗಳನ್ನೇ ಹುಳುಗಳು ಮೇಯುತ್ತಿದ್ದವು. ವರ್ತಕನಿಗೆ ಅವನ್ನು ಅಲ್ಲೇ ಹೊಸಕಿಹಾಕಬೇಕೆನಿಸಿತು. ಆದರೆ ದೇವರಕಾಡಿನಲ್ಲಿ ಜೀವ ತೆಗೆಯುವ ಹಾಗಿಲ್ಲ. ಆಳುಗಳನ್ನಿಟ್ಟು ಹುಳುಗಳನ್ನು ಹೆಕ್ಕಿಸಿ, ಬುಟ್ಟಿಗಳಲ್ಲಿ ಹೊರಿಸಿ, ಕಾಡಿನ ಎಲ್ಲೆಗಲ್ಲಿನಾಚೆ ಊರ ತಿಪ್ಪೆಯ ಬಳಿ ಸುರಿಸಿದ. ಅಲ್ಲಿ ಎಕ್ಕದ ಗಿಡಗಳು ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದಿದ್ದವು.

ಕಾಡು ಹಸಿರೋ ಹಸಿರಾಯಿತು. ಒಂದೆಲೆಗೂ ತೂತಿಲ್ಲ. ಬರಬರುತ್ತ ಚಿಟ್ಟೆಯೂ ಇಲ್ಲ.

“ಚಿಟ್ಟೆಗಳೆಲ್ಲ ಎಲ್ಲಿ ಹೋದವೇ?” ಎಂದು ವರ್ತಕ ಹುಳು ಹೆಕ್ಕುವ ಹೆಂಗಸನ್ನು ಕೇಳಿದ.

“ಇಷ್ಟು ಚೊಕ್ಕಟವಾದ ಕಾಡಿಗೆ ಕಾಲಿಡೋಕೆ ಅವಕ್ಕೂ ಸಂಕೋಚ ಧಣಿ. ಕಾಲು ತೊಳೆಯೋಕೆ ಹೋಗಿರಬೇಕು” ಎಂದಳು ಅವಳು.

ವರ್ತಕ ಒಮ್ಮೆ ಪೇಟ ಮುಟ್ಟಿ ನೋಡಿಕೊಂಡು, ಚಿಟ್ಟೆಗಳನ್ನು ಹುಡುಕುತ್ತ ಹೊರಟ. ಊರ ತಿಪ್ಪೆಯ ಮೇಲೆ ಅವು ಮೋಡದ ಹಾಗೆ ಕವಿದಿದ್ದವು. ಅವನ ಕಣ್ಣಲ್ಲಿ ನೀರು ಬಂತು.

“ಇಂಥ ಕೊಳಕಿನಲ್ಲಿ ಹೇಗೆ ಬದುಕುತ್ತಿವೆಯೋ, ಪಾಪ!” ಎಂದು ಮರುಗಿ, ಎಕ್ಕದ ಎಲೆಯೊಂದನ್ನು ಮಗುಚಿ ನೋಡಿದ. ಅಲ್ಲಿಯೂ ಹುಳು. ಕೂಡಲೇ ಆಳುಗಳಿಗೆ ಬುಟ್ಟಿ ಸಮೇತ ಬರಲು ಹೇಳಿಕಳಿಸಿದ. ಈ ಸಲ ಹುಳುಗಳನ್ನು ಇನ್ನೂ ದೂರ, ಬರೀ ಬಂಡೆಗಳಿರುವ ಕಡೆ ಸುರಿಸಿದ.

ಊರ ಮುಂದೆ ಅವನ ಪೇಟ ಇಳಿಯಿತು. ಚಿಟ್ಟೆಗಳು ಮರಳಲಿಲ್ಲ.

ಶಿಷ್ಯ ನಕ್ಕ. ಆಮೇಲೆ ಯಾಕೋ ಆ ವರ್ತಕನ ಪರ ವಹಿಸಬೇಕೆನಿಸಿತು.

“ಏನೇ ಆಗಲಿ ಗುರುಗಳೇ, ಅವನಿಗೆ ಚಿಟ್ಟೆಗಳ ಮೇಲೆ ಪ್ರೀತಿಯಂತೂ ಇತ್ತಲ್ಲವೇ?”

“ಇತ್ತಪ್ಪಾ, ಅವಕ್ಕೆ ರೆಕ್ಕೆ ಬಂದ ಮೇಲೆ.”