ನೀರು ಕುಡಿದ ಸೋರೆಬುರುಡೆ

"ದೊಡ್ಡಕ್ಕ, ನಾಳೆ ನಮ್ಮ ಮುಖವನ್ನೇ ಮರೆತುಬಿಡೋ ಮಕ್ಕಳಿಗೆ ಕಲಿಸೋದಕ್ಕೆ ಅಂತ ಓದಿದವರು ಯಾಕೆ ಬಂದು ಇಲ್ಲಿ ಕೂತ್ಕೋತಾರೆ?"

ವಾರಿಜಾ ಹೀಗೆ ಕೇಳಿದಾಗ ಮಧ್ಯಾಹ್ನದ ಊಟ ಮುಗಿದು ಮಾಂಟೆಸ್ಸರಿ ಮನೆಯ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ್ದರು. ಪುಟ್ಟ ಪುಟ್ಟ ಮೇಜುಗಳು, ಮಕ್ಕಳು ನೀರು ಬಗ್ಗಿಸಲು ಕಲಿಯುವ ಪುಟ್ಟ ಜಗ್ಗುಗಳ ಸಮೇತ, ಗೋಡೆಗೆ ಸರಿದಿದ್ದವು. ಆ ಮನೆಯನ್ನು ಕಟ್ಟಿ ಬೆಳೆಸಿದವರೇ ದೊಡ್ಡಕ್ಕ. ಹೆಸರು ಚಂದ್ರಮತಿ. ಆದರೆ ಮಕ್ಕಳೂ, ಮಕ್ಕಳನ್ನು ಬಿಡಲು ಬರುವ ಅಜ್ಜಂದಿರೂ ಅವರನ್ನು ಕರೆಯುವುದು ದೊಡ್ಡಕ್ಕ ಎಂದೇ. ವಾರಿಜಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಮಕ್ಕಳಿಗೆ ಕಲಿಸುವುದನ್ನು ಕಲಿಯಲು ಅವರ ಬಳಿ ಬಂದವಳು. ಎಳವೆಯಲ್ಲಿ ನೀನೂ ಅದೇ ಮನೆಗೆ ಹೋಗುತ್ತಿದ್ದೆ ಎಂದು ಅವಳ ತಾಯಿ ಹೇಳುವುದುಂಟು. ಅವಳಿಗೆ ಮಾತ್ರ ಕೆಂಪು ನೆಲ, ನೆಲದ ಮೇಲೆ ಬಿದ್ದ ಕಿಟಕಿಯ ಬಿಸಿಲು, ಇಷ್ಟು ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಅದೂ ನೆನಪೋ ಕನಸೋ, ಅವಳಿಗೆ ಗೊತ್ತಿರಲಿಲ್ಲ.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಪಟ್ಟಣದ ಕಾಲೇಜೊಂದು ಅವಳನ್ನು ಪಾಠ ಹೇಳಲು ಕರೆದಿತ್ತು. ಬರುತ್ತೇನೆ, ಇಲ್ಲ, ಎರಡರಲ್ಲೊಂದನ್ನು ಆ ಸಂಜೆಯೊಳಗೆ ಹೇಳಬೇಕಿತ್ತು. ಅದೇ ಬೆಳಿಗ್ಗೆ ತರಕಾರಿ ಅಂಗಡಿಯ ಮುಂದೆ, ತಾಯಿಯ ಜೊತೆ ಬಂದಿದ್ದ ಶ್ರೀವತ್ಸ ಸಿಕ್ಕಿದ್ದ. ಹೋದ ವರ್ಷದವರೆಗೆ ಅವಳ ಮಗ್ಗುಲಲ್ಲೇ ಕೂತು ಕಲಿತ ಹುಡುಗ, ಈಗ ಒಂದನೇ ತರಗತಿ. ಅಂಗಿಯ ಗುಂಡಿ ಹಾಕಲು ಅವನು ಪಟ್ಟ ಪಾಡನ್ನು ವಾರಿಜಾ ಮರೆತಿರಲಿಲ್ಲ. ತಾನೇ ಹಾಕಿಬಿಡೋಣ ಎಂದು ಮುಂದಾದ ಕೈಯನ್ನು ಹಿಂದಕ್ಕೆಳೆದುಕೊಂಡು ಎಷ್ಟೋ ದಿನ ಅವನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಅಂಗಡಿಯ ಮುಂದೆ ಹುಡುಗ ಬಿಚ್ಚಿಹೋಗಿದ್ದ ಗುಂಡಿಯನ್ನು ಸಲೀಸಾಗಿ ಹಾಕಿಕೊಂಡ. ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಇವರು ಯಾರು?" ಎಂದ.

ದೊಡ್ಡಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಮಲಗಿದ್ದ ಮಗುವೊಂದರ ಮೇಲಿಂದ ಜಾರಿದ ಹೊದಿಕೆಯನ್ನು ಸರಿಮಾಡಿದರು.

"ಒಂದು ಕತೆ ಹೇಳ್ತೀನಿ. ಮೆತ್ತಗೆ ಹೇಳ್ತೀನಿ, ಮಕ್ಕಳು ಎದ್ದರೆ ನೀನೇ ಮಲಗಿಸಬೇಕಾಗತ್ತೆ," ಎಂದು ಶುರುಮಾಡಿದರು.

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಊರು. ಆ ಊರಿನಲ್ಲಿ ಒಬ್ಬ ಈಜುಗಾರನಿದ್ದ.

ಹೊಳೆ ದಂಡೆ ಮೀರಿ ಹರಿಯುವಾಗಲೂ ಅವನು ಆಚೆ ದಡಕ್ಕೆ ಹೋಗಿ ಬರುತ್ತಿದ್ದ. ರಾಜನ ದಂಡಿನ ತರುಣರಿಗೆ ಈಜು ಕಲಿಸುವುದು ಅವನ ಕೆಲಸ. ಅವನ ಕೈಯಲ್ಲಿ ಪಳಗಿದವರು ಹೋದಲ್ಲೆಲ್ಲ ಎದೆಯುಬ್ಬಿಸಿ ಅವನ ಹೆಸರು ಹೇಳುತ್ತಿದ್ದರು. ಕೇಳಿದರೆ ಅವನಿಗೂ ಹಿತವಾಗುತ್ತಿತ್ತು. ಯಾರಿಗೆ ಆಗುವುದಿಲ್ಲ?

ಆದರೆ ಒಂದು ಸಂಗತಿ ಅವನನ್ನು ಕೊರೆಯುತ್ತಿತ್ತು. ಕಲ್ಲನ್ನು ಎತ್ತಿ ಎಸೆಯುವಂಥ ತರುಣರೂ ನೀರಿಗಿಳಿದ ಕೂಡಲೇ ಹಲ್ಲು ಕಚ್ಚುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ನೀರಿನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಕೈಕಾಲು ಆಡಿಸುವುದನ್ನು ಅವರಿಗೆ ಕಲಿಸಬಹುದಾಗಿತ್ತು. ಹೆದರಿಕೆಯನ್ನು ಬಿಡಿಸುವುದು ಮಾತ್ರ ಅವನ ಕೈಲಾಗುತ್ತಿರಲಿಲ್ಲ. ಈ ಹೆದರಿಕೆ ನಿನಗೆ ಯಾವಾಗ ಬಂತು ಎಂದು ಒಬ್ಬೊಬ್ಬನನ್ನೂ ಕೇಳಿದ. ಒಬ್ಬನಿಗೂ ನೆನಪಿರಲಿಲ್ಲ. ನೆನಪು ಹುಟ್ಟುವುದಕ್ಕೂ ಮುಂಚೆಯೇ ಅದು ಬಂದು ಕೂತುಬಿಟ್ಟಿತ್ತು.

ಹಾಗಾದರೆ ನಾನು ಅಲ್ಲಿಗೇ, ಆ ಎಳೆಯ ವಯಸ್ಸಿಗೇ ಹೋಗಬೇಕು ಎಂದುಕೊಂಡ ಈಜುಗಾರ. ಮರಳಿ ಬರುವೆನೋ ಇಲ್ಲವೋ ಹೇಳದೆ ದಂಡಿನ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ. ಹೊಳೆಯ ತಿರುವಿನಲ್ಲಿ ಸೆಳವಿಲ್ಲದ ನೀರು ಕೊಳದ ಹಾಗೆ ನಿಂತಿತ್ತು. ಅದಕ್ಕೆ ಗಿಡ್ಡ ಗಿಡ್ಡ ಮೆಟ್ಟಿಲು ಕಟ್ಟಿದ, ಪುಟ್ಟ ಕಾಲಿಗೆ ಎಟುಕುವಂಥವು. ನೀರಿನ ತಳದಲ್ಲಿದ್ದ ಚೂಪುಕಲ್ಲುಗಳನ್ನು ಹೆಕ್ಕಿ ತೆಗೆದ. ಮೂರು ನಾಲ್ಕು ವರ್ಷದ ಮಕ್ಕಳನ್ನು ಕಳಿಸಿಕೊಡಿ ಎಂದು ಊರಿಗೆ ಹೇಳಿದ. ಊರು ಬಿದ್ದು ಬಿದ್ದು ನಕ್ಕಿತು. ತುಂಬಿದ ಹೊಳೆ ದಾಟುವ ಗಂಡಸು ಸೊಂಟದ ಮಟ್ಟದ ನೀರಲ್ಲಿ ನಿಂತು ಕೂಸಾಡಿಸುತ್ತಾನಂತೆ ಎಂದು ಆಡಿಕೊಂಡಿತು.

ಅವನು ಕಲಿಸುವ ರೀತಿ ಹೀಗಿತ್ತು. ಎರಡು ಒಣ ಸೋರೆಬುರುಡೆಗಳನ್ನು ಮಗುವಿನ ಬೆನ್ನಿಗೆ ಕಟ್ಟುತ್ತಿದ್ದ. ಬುರುಡೆ ತೇಲುತ್ತದೆ, ಅದರ ಜೊತೆಗೆ ಮಗುವೂ ತೇಲುತ್ತದೆ. ಇದು ಎಲ್ಲರೂ ಮಾಡುವುದೇ. ಆದರೆ ಅವನು ಒಂದೊಂದು ಬುರುಡೆಗೂ ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಕೊರೆದು ಜೇನುಮೇಣ ಮೆತ್ತಿರುತ್ತಿದ್ದ. ಮಗುವಿಗೆ ನೀರಿನ ಸಲಿಗೆ ಹತ್ತಿತು ಅನ್ನಿಸಿದಾಗ, ಯಾರಿಗೂ ಕಾಣದ ಹಾಗೆ, ಉಗುರಿನಿಂದ ಒಂದಿಷ್ಟು ಮೇಣ ಕೆರೆಯುತ್ತಿದ್ದ. ಬುರುಡೆ ತೊಟ್ಟು ತೊಟ್ಟಾಗಿ ನೀರು ಕುಡಿಯುತ್ತಿತ್ತು. ಅದು ಕುಡಿದಷ್ಟೂ ಮಗುವಿನ ಕೈಕಾಲು ದುಡಿಯುತ್ತಿದ್ದವು. ಕಡೆಗೊಂದು ದಿನ ಬುರುಡೆಯ ತುಂಬ ನೀರೇ. ಮಗುವಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಈಜುತ್ತಲೇ ಇರುತ್ತಿತ್ತು.

ಈಜುಗಾರ ಪಕ್ಕದಲ್ಲಿ ನಿಂತಿರುತ್ತಿದ್ದ. ಅವನ ಕೈಗಳು ನೀರಿನೊಳಗೆ, ಮಗುವಿನ ಹೊಟ್ಟೆಯ ಕೆಳಗೆ, ಮುಟ್ಟದೆ ಇರುತ್ತಿದ್ದವು. ಮಗು ಮೈಮರೆತು ನೀರು ಬಡಿಯುವಾಗ ಅವನು ಕೆಮ್ಮುತ್ತಲೂ ಇರಲಿಲ್ಲ. ಮೋಡ ನೀರಿನಲ್ಲಿ ಸರಿಯುತ್ತಿತ್ತು, ಆ ಮೋಡದ ಮೇಲೆ ಮಕ್ಕಳು ಸರಿಯುತ್ತಿದ್ದರು. ತಾನು ನಿಂತದ್ದು ಹೊಳೆಯಲ್ಲೋ ಆಕಾಶದಲ್ಲೋ ಎಂಬುದು ಎಷ್ಟೋ ಸಲ ಅವನಿಗೇ ತಿಳಿಯುತ್ತಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಂಡತಿಯನ್ನು ಹೊಳೆ ಕೊಂಡೊಯ್ದಿತ್ತು. ಉಳಿದವಳು ನಾಲ್ಕು ವರ್ಷದ ಮಗಳು ಒಬ್ಬಳೇ. ಬೆಳಗಾದರೆ ಹೊಳೆ ದಾಟಿಯೇ ಬದುಕಬೇಕಾದ ಊರು ಅದು. ಮಗಳಿಗೆ ಈಜು ಬರದಿದ್ದರೆ ತನಗೆ ನೆಮ್ಮದಿಯಿಲ್ಲ ಎಂದು ವರ್ತಕ ಅವಳನ್ನು ಕರೆತಂದು ಬಿಟ್ಟ. ಹುಡುಗಿ ಮೆಟ್ಟಿಲ ಮೇಲೆ ಕೂತಳು. ನೀರಿಗೆ ಕಾಲು ಇಳಿಬಿಡಲೂ ಇಲ್ಲ. ಈಜುಗಾರ ಅವಳನ್ನು ಬಾ ಎನ್ನಲಿಲ್ಲ. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು ಇಟ್ಟು ತನ್ನ ಪಾಡಿಗೆ ತಾನು ಹೋದ.

ದಿನಗಳು ಹೋದವು. ಹುಡುಗಿ ಕೂತಲ್ಲಿಂದಲೇ ಬಾಗಿ ಚಿಪ್ಪಿನಲ್ಲಿ ನೀರು ಮೊಗೆಯುವಳು, ಸುರಿಯುವಳು. ಮತ್ತೆ ಮೊಗೆಯುವಳು, ಮತ್ತೆ ಸುರಿಯುವಳು. ವರ್ತಕ ದಿನವೂ ಬಂದು ನೋಡಿ ನೋಡಿ ಒಂದು ದಿನ ತಾಳ್ಮೆ ಕಳೆದುಕೊಂಡ.

"ಏನು ಸ್ವಾಮಿ, ನೀರು ಮೊಗೆದು ಸುರಿಯೋದಕ್ಕೆ ನಿಮ್ಮ ಹತ್ರ ಕಳಿಸಬೇಕಾ? ನಮ್ಮನೆ ಬಚ್ಚಲಲ್ಲಿ ಹಂಡೆ ಇಲ್ವಾ? ಎತ್ತಿ ನೀರಿಗೆ ಹಾಕಿ, ತಾನಾಗಿ ಕಲೀತಾಳೆ!"

"ಅವಳು ಇನ್ನೂ ನೀರನ್ನ ನೋಡ್ತಾ ಇದ್ದಾಳೆ," ಎಂದ ಈಜುಗಾರ. "ನೋಡಿ ಮುಗಿಸಲಿ."

ವರ್ತಕ ಗೊಣಗುತ್ತ ಹೋದ. ಹಾಗೆ ಹೇಳಿದನೇ ಹೊರತು ಈಜುಗಾರನಿಗೂ ಒಳಗೊಳಗೆ ಅಳುಕಿತ್ತು. ತಾಯಿ ಹೋದ ನೀರು ಇದೇ ಎಂದು ಆ ಪುಟ್ಟ ಜೀವಕ್ಕೆ ಯಾರು ಹೇಳಿದ್ದರೋ. ಈಗ ಇಳಿಯದಿದ್ದರೆ ಇವಳು ಮುದುಕಿಯಾಗುವವರೆಗೂ ಹೊಳೆಯ ದಂಡೆಯಲ್ಲಿ ಹೆದರಿಕೊಂಡೇ ಬದುಕುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಇಲ್ಲಿಗೆ ಬಂದಾಗ ಮಲಗಿದ್ದ ಮಗುವೊಂದು ನಿದ್ದೆಯಲ್ಲೇ ಏನೋ ಗುನುಗಿತು. ದೊಡ್ಡಕ್ಕ ಮಾತು ನಿಲ್ಲಿಸಿ ಕಾದರು. ಮಗು ಮಗ್ಗುಲು ಬದಲಿಸಿತು. ಅವರ ದನಿ ಇನ್ನಷ್ಟು ತಗ್ಗಿತು. ಕೇಳಲು ವಾರಿಜಾ ಹತ್ತಿರ ಸರಿಯಬೇಕಾಯಿತು.

ಒಂದು ಬೆಳಿಗ್ಗೆ ಚಿಪ್ಪು ಹುಡುಗಿಯ ಕೈಜಾರಿತು. ತೇಲುತ್ತ ಮಾರು ದೂರ ಹೋಗಿ ನಿಂತಿತು. ಅದೇ ಹೊತ್ತಿಗೆ ದಂಡೆಯ ಮೇಲೆ ಕುದುರೆ ಬಂದು ನಿಂತ ಸದ್ದಾಯಿತು. ಬಂದವನು ಅರಮನೆಯ ದೂತ.

"ಈಜುಗಾರ ಯಾರಯ್ಯಾ? ದೊರೆಗಳ ಅಪ್ಪಣೆಯಾಗಿದೆ. ಈಗಲೇ ಹೊರಟು ಬಂದರೆ ದಂಡಿನ ಕೆಲಸ ನಿನ್ನದೇ. ಇಲ್ಲದಿದ್ದರೆ ಬೇರೆಯವನಿಗೆ ಕೊಡ್ತಾರೆ. ಬರ್ತೀಯೋ ಇಲ್ವೋ?"

ಹುಡುಗಿ ಚಿಪ್ಪನ್ನು ನೋಡಿದಳು. ಈಜುಗಾರನನ್ನು ನೋಡಿದಳು. ಮತ್ತೆ ಚಿಪ್ಪನ್ನು ನೋಡಿದಳು. ಈಗ ತಿರುಗಿದರೆ, ಒಂದು ಮಾತು ಆಡಿದರೆ ಅವಳ ಕಣ್ಣು ಚಿಪ್ಪನ್ನು ಬಿಟ್ಟುಬಿಡುತ್ತದೆ ಎಂದು ಈಜುಗಾರ ಬಲ್ಲ. ಕೈ ಚಾಚಿದರೆ ಚಿಪ್ಪು ಅವನಿಗೇ ಸಿಗುತ್ತಿತ್ತು. ಅವನ ಕೈ ನೀರಿನೊಳಗೆ ಅಲುಗಿತು. ಅದನ್ನು ಅಲ್ಲೇ ತಡೆದ. ತುಂಬಿದ ಹೊಳೆ ದಾಟುವಾಗಲೂ ಅವನಿಗೆ ಅಷ್ಟು ಕಷ್ಟವಾಗಿರಲಿಲ್ಲ.

ಹುಡುಗಿ ಒಂದು ಮೆಟ್ಟಿಲು ಇಳಿದಳು. ಚಿಪ್ಪು ಇನ್ನಷ್ಟು ಸರಿಯಿತು. ಇನ್ನೊಂದು ಮೆಟ್ಟಿಲು ಇಳಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಹಿಂದಿನಿಂದ ದೂತ ಮತ್ತೆ ಕೂಗಿದ, ಬೈದ, ಕಿವುಡನೋ ಸೊಕ್ಕಿನವನೋ ಎಂದು ಕುದುರೆ ತಿರುಗಿಸಿಕೊಂಡು ಹೋದ. ಗೊರಸಿನ ಸದ್ದು ಕರಗುವ ಹೊತ್ತಿಗೆ ಚಿಪ್ಪು ಹುಡುಗಿಯ ಕೈಗೆ ಸಿಕ್ಕಿತು. ಅವಳು ಅದರ ತುಂಬ ನೀರು ಮೊಗೆದು ತನ್ನ ತಲೆಯ ಮೇಲೆ ತಾನೇ ಸುರಿದುಕೊಂಡು ಗಟ್ಟಿಯಾಗಿ ನಕ್ಕಳು. ಈಜುಗಾರನಿಗೆ ಅಳು ಬಂತು.

ಮರುದಿನ ಅವಳ ಬೆನ್ನಿಗೆ ಬುರುಡೆ ಕಟ್ಟಿದ. ದಿನಗಳು ಸರಿದವು, ಮೇಣ ಸವೆಯುತ್ತ ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಹುಡುಗಿ ಕೊಳದ ಈ ಬದಿಯಿಂದ ಆ ಬದಿಗೆ ಮೀನಿನ ಮರಿಯ ಹಾಗೆ ಹೋಗಿ ಬರುತ್ತಿದ್ದಳು.

ವರ್ತಕ ಅದನ್ನು ಕಣ್ಣಾರೆ ಕಂಡು ಹಿಗ್ಗಿಹೋದ. ಊರಿನವರನ್ನೆಲ್ಲ ಕೂಡಿಸಿದ. ತಟ್ಟೆಯಲ್ಲಿ ಶಾಲು, ಹಣ್ಣು ಇಟ್ಟುಕೊಂಡು ಬಂದ. ನೀರಿನಿಂದ ಎದ್ದು ಬಂದ ಮಗಳನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ.

"ಹೇಳು ಮಗಳೇ, ನಿಂಗೆ ಈಜು ಕಲಿಸಿದ್ದು ಯಾರು? ಹೋಗಿ ಅವರ ಕಾಲಿಗೆ ಬೀಳು."

ಹುಡುಗಿ ಸುತ್ತಲೂ ನೋಡಿದಳು. ಅವಳ ಕಣ್ಣು ಈಜುಗಾರನ ಮುಖದ ಮೇಲೂ ಹಾದುಹೋಯಿತು, ನಿಲ್ಲಲಿಲ್ಲ.

"ಯಾರೂ ಕಲಿಸಲಿಲ್ಲಪ್ಪ. ನಂಗೇ ಬಂತು."

"ಬುರುಡೆ ಕಟ್ಟಿದ್ರಲ್ಲೇ!"

ಹುಡುಗಿ ಬೆನ್ನಿನ ಬುರುಡೆಯೊಂದನ್ನು ಬಿಚ್ಚಿ ಮೆಟ್ಟಿಲ ಮೇಲೆ ಕುಕ್ಕಿದಳು. ಬುರುಡೆ ಒಡೆಯಿತು. ಒಳಗೆ ಬರೀ ನೀರು. ಅದು ಮೆಟ್ಟಿಲಿಳಿದು ಹೊಳೆಗೆ ಸೇರಿತು.

ಊರಿನವರು ನಕ್ಕರು. ವರ್ತಕನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಈಜುಗಾರನಿಗೂ ಮೊದಲು ಚುರುಕ್ ಎಂದಿತು, ಅವನೂ ಮನುಷ್ಯ ತಾನೇ. ಆಮೇಲೆ ಎದೆಯೊಳಗೆ ಏನೋ ಬಿಚ್ಚಿಕೊಂಡು ಹಗುರವಾಯಿತು. ಶಾಲನ್ನು ತೆಗೆದು ಹುಡುಗಿಯ ಒದ್ದೆ ಮೈಗೆ ಹೊದಿಸಿದ. ಹಣ್ಣನ್ನು ಉಳಿದ ಮಕ್ಕಳು ಆಗಲೇ ತಿಂದು ಮುಗಿಸಿದ್ದರು.

"ತಪ್ಪು ತಿಳೀಬೇಡಿ ಸ್ವಾಮಿ," ಎಂದ ವರ್ತಕ. "ನೀವು ಅರಮನೆಗೆ ಹೋಗಿದ್ರೆ ದಂಡಿಗೆ ದಂಡೇ ನಿಮ್ಮ ಹೆಸರು ಹೇಳ್ತಿತ್ತು. ಇಲ್ಲಿ ನೋಡಿದ್ರೆ ಹೀಗೆ."

"ಅವರು ನನ್ನ ಹೆಸರು ಹಿಡ್ಕೊಂಡು ಈಜ್ತಿದ್ರು," ಎಂದ ಈಜುಗಾರ. "ಇವಳು ಏನೂ ಹಿಡ್ಕೊಂಡಿಲ್ಲ."

ಅಷ್ಟು ಹೇಳಿ ಮತ್ತೆ ನೀರಿಗಿಳಿದ. ಇನ್ನೊಂದು ಮಗು ಆಗಲೇ ಮೆಟ್ಟಿಲ ಮೇಲೆ ಬಂದು ಕೂತಿತ್ತು.

ಕತೆ ಮುಗಿಯಿತು. ಮಕ್ಕಳ ಉಸಿರು ಒಂದೇ ಸಮನೆ ಕೇಳುತ್ತಿತ್ತು. ಕಿಟಕಿಯ ಬಿಸಿಲು ಕೆಂಪು ನೆಲದ ಮೇಲೆ ಅಲುಗಾಡುತ್ತಿತ್ತು. ಆ ನೆಲವೇ ನೀರಾಗಿ, ಮಕ್ಕಳೆಲ್ಲ ಅದರ ಮೇಲೆ ತೇಲುತ್ತಿರುವಂತೆ ವಾರಿಜಾಳಿಗೆ ಒಂದು ಕ್ಷಣ ಕಂಡಿತು. ಆದರೂ ಅವಳ ಮನಸ್ಸು ಒಪ್ಪಲಿಲ್ಲ.

"ಕತೆ ಚೆನ್ನಾಗಿದೆ ದೊಡ್ಡಕ್ಕ. ಆದ್ರೆ ಆ ಹುಡುಗಿಗೇ ನೆನಪಿಲ್ಲ ಅಂದ ಮೇಲೆ ಅವನು ಮಾಡಿದ್ದು ಎಲ್ಲಿ ಉಳೀತು?"

ಗಂಟಲು ಒಣಗಿತು, ಒಂದು ಲೋಟ ನೀರು ಕೊಡು ಎಂದರು ದೊಡ್ಡಕ್ಕ.

ವಾರಿಜಾ ಎದ್ದು ಗಾಜಿನ ಜಗ್ ತಂದಳು. ಬಲಗೈಯಲ್ಲಿ ಅದರ ಹಿಡಿ ಹಿಡಿದು, ಎಡಗೈಯ ಬೆರಳುಗಳನ್ನು ಮೂತಿಯ ಕೆಳಗೆ ಆನಿಸಿ, ಸದ್ದಾಗದ ಹಾಗೆ ನೀರು ಬಗ್ಗಿಸಿದಳು. ಲೋಟ ತುಂಬಲು ಒಂದು ಬೆರಳು ಉಳಿದಿರುವಾಗ ನಿಲ್ಲಿಸಿದಳು. ಮೂತಿಯಲ್ಲಿ ನೇತಾಡುತ್ತಿದ್ದ ಕಡೆಯ ಹನಿಯನ್ನು ಲೋಟದ ಅಂಚಿಗೆ ಮೆಲ್ಲನೆ ಮುಟ್ಟಿಸಿ ಒಳಗೆ ಬಿಟ್ಟಳು. ಅವಳು ಯಾವತ್ತೂ ಹೀಗೆಯೇ. ಓದುವಾಗ ಹಾಸ್ಟೆಲಿನ ಗೆಳತಿಯರು ಇದನ್ನು ಕಂಡು, ನೀರು ಬಗ್ಗಿಸ್ತಿದ್ದೀಯೋ ಪೂಜೆ ಮಾಡ್ತಿದ್ದೀಯೋ ಎಂದು ರೇಗಿಸುತ್ತಿದ್ದರು.

ದೊಡ್ಡಕ್ಕ ನೀರು ಕುಡಿದರು. ಲೋಟವನ್ನು ಕೆಳಗಿಟ್ಟು, ಒಂದು ಹನಿಯೂ ಬೀಳದ ಕೆಂಪು ನೆಲವನ್ನು ನೋಡಿದರು.

"ಹೀಗೆ ನೀರು ಬಗ್ಗಿಸೋದನ್ನ ನಿನಗೆ ಯಾರು ಕಲಿಸಿದ್ದು, ವಾರಿಜಾ?"

ಯಾರೂ ಕಲಿಸಲಿಲ್ಲ ಎನ್ನಲು ವಾರಿಜಾ ಬಾಯಿ ತೆರೆದಳು. ಅವಳ ಕಣ್ಣು ಗೋಡೆಯ ಪಕ್ಕದ ಮೇಜಿನ ಪುಟ್ಟ ಜಗ್ಗುಗಳ ಮೇಲೆ ನಿಂತಿತು.