ಹಗೇವಿನ ಬಿರುಕು ಬಾಯಿ ಮುಚ್ಚಿದ್ದು

ಒತ್ತಿ ಕೂಡ್ರಿ ಕೂಸುಗಳಾ. ಹಗೇವು ಅಂದ್ರ ಏನು? ನೆಲದ ಹೊಟ್ಟೆ. ಆಳಕ್ಕೆ ತೋಡಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚುತ್ತಾರೆ. ತೆಗೆದಾಗ ಮೊದಲು ದೀಪ ಇಳಿಸಬೇಕು. ದೀಪ ಆರಿತೋ, ಒಳಗೆ ಕೆಟ್ಟ ಗಾಳಿ.

ಒಂದೂರಲ್ಲಿ ಬಾಳವ್ವ ಅಂತ ಇದ್ದಳು. ಅವಳ ಗಂಡ ದೀಪ ಇಳಿಸದೆ ಹಗೇವಿಗೆ ಇಳಿದ. ಮೇಲೆ ಬರಲಿಲ್ಲ.

ಈಗ ಬಾಳವ್ವನ ಮನೆಯಲ್ಲಿ ಎಣ್ಣೆ ಇಲ್ಲ, ದೀಪ ಇಲ್ಲ. ಗಡಿಗೆಯಲ್ಲಿ ಒಂದೇ ಬೊಗಸೆ ಜೋಳ. ಮಿಕ್ಕಿದ್ದೆಲ್ಲ ಹಗೇವಿನಲ್ಲಿ.

ಬಂಡೆಯ ಪಕ್ಕ ನೆಲ ಬಿರಿಯಿತು. ಹನಿ ಮಳೆ ಬಿತ್ತು. ಬಿರುಕಿನಿಂದ ನೀರಿಳಿದು ಹಗೇವಿನ ಅಂಚಿನ ಜೋಳ ನೆನೆದು ಕೆಟ್ಟವು. ಕೆಳಗಿಂದ ಜೋಳ ಕೂಗಿದವು:

"ತಣ್ಣಗಾದ್ವಿ ಎವ್ವಾ, ಕಪ್ಪಾದ್ವಿ ಎವ್ವಾ!"

ಮೇಲೆ ಮೋಡ ಗುಡುಗುಡು. ಬಾಳವ್ವ ಬಿರುಕಿನ ಹತ್ತಿರ ಬಗ್ಗಿದಳು.

"ಬಿರುಕೇ ಬಿರುಕೇ, ಬಾಯಿ ಮುಚ್ಚು. ಜೋಳ ಕಪ್ಪಾಗ್ತಾವ."

"ಮುಚ್ಚಂಗಿಲ್ಲ. ಹಸಿದೀನಿ. ಮಣ್ಣು ತಿನಿಸು."

ಬಾಳವ್ವ ಕೆರೆಗೆ ಹೋದಳು.

"ಮಣ್ಣೇ ಮಣ್ಣೇ, ಬಾ. ಮಣ್ಣಿಲ್ಲದೆ ಬಿರುಕು ಮುಚ್ಚವಲ್ದು. ಜೋಳ ಕಪ್ಪಾಗ್ತಾವ."

"ಒಂಟಿ ಬರಂಗಿಲ್ಲ. ಒಣಗಿದರ ನಾನೂ ಬಿರಿತೀನಿ. ಹೊಟ್ಟು ಕಲಸು."

ಮೋಡ ಗುಡುಗುಡು.

ಬಾಳವ್ವ ಕಣಕ್ಕೆ ಹೋದಳು. ಹೊಟ್ಟಿನ ಮೇಲೆ ಎತ್ತು ಮಲಗಿತ್ತು.

"ಎತ್ತೇ ಎತ್ತೇ, ಏಳು. ಹೊಟ್ಟಿಲ್ಲದೆ ಮಣ್ಣು ಬರವಲ್ದು. ಮಣ್ಣಿಲ್ಲದೆ ಬಿರುಕು ಮುಚ್ಚವಲ್ದು. ಜೋಳ ಕಪ್ಪಾಗ್ತಾವ."

"ಏಳಂಗಿಲ್ಲ. ಹೆಗಲ ಹುಣ್ಣಿನಾಗ ಹುಳ ಬಿದ್ದಾವ. ಎಣ್ಣಿ ಹಚ್ಚು."

ಮೋಡ ಗುಡುಗುಡು, ಗುಡುಗುಡು.

ಬಾಳವ್ವ ಗಾಣದ ಈರಪ್ಪನ ಹತ್ತಿರ ಹೋದಳು.

"ಈರಪ್ಪಣ್ಣಾ ಈರಪ್ಪಣ್ಣಾ, ಎಣ್ಣಿ ಕೊಡು. ಎಣ್ಣಿಯಿಲ್ಲದೆ ಎತ್ತು ಏಳವಲ್ದು. ಹೊಟ್ಟಿಲ್ಲದೆ ಮಣ್ಣು ಬರವಲ್ದು. ಮಣ್ಣಿಲ್ಲದೆ ಬಿರುಕು ಮುಚ್ಚವಲ್ದು. ಜೋಳ ಕಪ್ಪಾಗ್ತಾವ."

"ಪುಕ್ಕಟೆ ಕೊಡಂಗಿಲ್ಲ ತಂಗಿ. ನನ್ನ ಕೂಸು ಗಂಜಿ ಇಲ್ಲದೆ ಬಿದ್ದದ. ಎಣ್ಣಿ ಕುಡಿದು ಬದುಕಾಕ ಆಗ್ತದೇನು? ಒಂದು ಬೊಗಸೆ ಜೋಳ ತಾ."

ಬಾಳವ್ವ ಮನೆಗೆ ಬಂದಳು. ಗಡಿಗೆ ನೋಡಿದಳು. ಮಗಳು ಹೂವಿಯ ಮುಖ ನೋಡಿದಳು. ಕೈ ಮೇಲೇಳಲಿಲ್ಲ.

ಹೂವಿ ಅಂದಳು: "ಕೊಡಬೇ ಎವ್ವಾ. ನಾ ನೀರು ಕುಡಿದು ಮಲಗ್ತೀನಿ."

ಬಾಳವ್ವ ಜೋಳ ಕೊಟ್ಟಳು. ಈರಪ್ಪ ಎಣ್ಣೆ ಕೊಟ್ಟ. ಎಣ್ಣೆ ಹಚ್ಚಿದರೆ ಎತ್ತು ಎದ್ದಿತು. ಎತ್ತು ಎದ್ದರೆ ಹೊಟ್ಟು ಸಿಕ್ಕಿತು. ಹೊಟ್ಟು ಸಿಕ್ಕರೆ ಮಣ್ಣು ಬಂತು. ಮಣ್ಣು ಬಂದರೆ ಬಿರುಕು ತಿಂದಿತು, ತಿಂದಿತು, ಬಾಯಿ ಮುಚ್ಚಿತು.

ಆಗ ಮಳೆ ಬಂತು. ಧೋ! ಧೋ!

ಹೂವಿ ನೆಲಕ್ಕೆ ಕಿವಿ ಇಟ್ಟಳು. ಸದ್ದಿಲ್ಲ.

"ಜೋಳ ಸತ್ತವೇನಬೇ?"

ಬಾಳವ್ವ ತಂಬಿಗೆ ನೀರು ತಂದು ಕೊಟ್ಟಳು. ಹೂವಿ ನೀರು ಕುಡಿದು ಮಲಗಿದಳು.

ಬೆಳಗಾಯಿತು. ಬಿಸಿಲು ಬಂತು. ಬಂಡೆ ಸರಿಸಿದರು. ಉಳಿದ ಎಣ್ಣೆಯಲ್ಲಿ ದೀಪ ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಇಳಿಸಿದರು. ದೀಪ ನಡುಗಿತು. ನಡುಗಿತು. ಆರಲಿಲ್ಲ.

ಬಾಳವ್ವ ಇಳಿದಳು. ಅಂಚಿನ ಜೋಳ ಕಪ್ಪು. ಕೆರೆದಳು. ಒಳಗೆ ಬಿಳಿ ಬಿಳಿ ಜೋಳ.

"ಬೆಚ್ಚಗದೀವಿ ಎವ್ವಾ!"

ಒಂದು ಮೊರ ಈರಪ್ಪನ ಕೂಸಿಗೆ. ಒಂದು ಬೊಗಸೆ ಹೂವಿಯ ರೊಟ್ಟಿಗೆ. ಹೋದ ಬೊಗಸೆ ಬಂತು. ಅಪ್ಪ ಮಾತ್ರ ಬರಲಿಲ್ಲ.

ಬಿರುಕು ಬಾಯಿ ಮುಚ್ಚಿತು. ನನ್ನ ಬಾಯಿನೂ ಮುಚ್ಚಿತು.